ಕಂತು ಕಟ್ಟಿದ ಮೇಲೆ ಉಳಿಯುವ ಊಟ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ಸಂಘದ ಸಾಲ ಎಂದರೇನು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಂಗಸರು ಗುಂಪಾಗಿ ಒಬ್ಬರಿಗೊಬ್ಬರು ಹೊಣೆ ನಿಲ್ಲುತ್ತಾರೆ, ಅಡಮಾನವಿಲ್ಲದೆ ಸಾಲ ಬರುತ್ತದೆ, ವಾರಕ್ಕೊಮ್ಮೆ ಕಂತು ಹೋಗುತ್ತದೆ. ಈ ಪದ್ಧತಿಯನ್ನು ಹೊಗಳುವವರು ಮೊದಲು ಮುಂದಿಡುವುದು ವಸೂಲಾತಿಯ ಲೆಕ್ಕವನ್ನು: ಬಡವರ ಮನೆಯ ಹೆಂಗಸರು ಬಾಕಿ ಉಳಿಸಿಕೊಳ್ಳುವುದಿಲ್ಲ, ಆದ್ದರಿಂದ ವ್ಯವಸ್ಥೆ ಗೆದ್ದಿದೆ. ಬಾಕಿ ಉಳಿಸಿಕೊಳ್ಳುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೆ ಸಾಲ ಕೊಟ್ಟವರ ಪುಸ್ತಕದಲ್ಲಿ ಕಾಣುವ ಆ ಗೆಲುವು, ಕಂತಿನ ಹಣ ಮನೆಯ ಯಾವ ಮೂಲೆಯಿಂದ ಹೊರಟಿತು ಎಂಬುದನ್ನು ಹೇಳುವುದಿಲ್ಲ. ವಾರದ ಕಂತಿನ ಪದ್ಧತಿಯನ್ನು ಒರೆಗೆ ಹಚ್ಚಬೇಕಾದ ಜಾಗ ಅಡುಗೆಮನೆ ಎಂಬುದು ನನ್ನ ವಾದ. ಅಲ್ಲಿ ನೋಡಿದರೆ, ಮಳೆಯನ್ನು ನಂಬಿದ ಸೀಮೆಯ ಸಂಸಾರಕ್ಕೆ ಈ ಪದ್ಧತಿಯ ವೇಳಾಪಟ್ಟಿ ಹೊಂದುವುದಿಲ್ಲ. ಹೊಂದದಿರುವುದರ ಬೆಲೆಯನ್ನು ಮನೆಯವರು ಬೇಳೆಯಲ್ಲಿ, ಹಾಲಿನಲ್ಲಿ, ಮಾತ್ರೆಯಲ್ಲಿ ತೆರುತ್ತಾರೆ.

ಮೊದಲು ಲೆಕ್ಕ. ವರ್ಷಕ್ಕೆ ಶೇ 24ರ ಬಡ್ಡಿಯಲ್ಲಿ 50,000 ರೂಪಾಯಿ ತೆಗೆದುಕೊಂಡು ಎರಡು ವರ್ಷದಲ್ಲಿ, ಅಂದರೆ 104 ವಾರದಲ್ಲಿ ತೀರಿಸುವುದಾದರೆ ವಾರಕ್ಕೆ ಸುಮಾರು 606 ರೂಪಾಯಿ ಕಟ್ಟಬೇಕು. ತಿಂಗಳಿಗೆ ಅದು 2,600 ದಾಟುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿ ತಿಂಗಳು ತಪ್ಪದೆ ಬಂದರೂ ಇಂಥ ಒಂದೇ ಒಂದು ಸಾಲದ ಕಂತಿಗೆ ಸಾಲದು. ಇಂಥವು ಮೂರಿದ್ದರೆ ವಾರಕ್ಕೆ 1,800ಕ್ಕೂ ಮೇಲೆ. 2025-26ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಒಬ್ಬಾಳಿನ ಐದು ದಿನದ ಕೂಲಿ ಉಪ್ಪು ಮೆಣಸಿನಕಾಯಿಗೂ ಮುಂಚೆ ಕಂತಿಗೇ ಮುಗಿದುಹೋಗುತ್ತದೆ. ಬಡ್ಡಿಯ ಮಾತಿನಲ್ಲೂ ಒಂದು ಮರೆ ಇದೆ. ಮೊದಲ ಅಸಲಿನ ಮೇಲೆಯೇ ಕೊನೆಯವರೆಗೂ ಬಡ್ಡಿ ಹಾಕುವ ಕ್ರಮದಲ್ಲಿ ಶೇ 12 ಎಂದು ಕೇಳಿದರೆ ಅಗ್ಗ ಅನ್ನಿಸುತ್ತದೆ. ವಾರವಾರವೂ ಅಸಲು ಕರಗುತ್ತಿರುವುದನ್ನು ಲೆಕ್ಕಕ್ಕೆ ತಂದರೆ ಅದೇ ಸಾಲದ ನಿಜವಾದ ದರ ಶೇ 22ರ ಹತ್ತಿರ ನಿಲ್ಲುತ್ತದೆ. ಈ ವ್ಯತ್ಯಾಸವನ್ನು ಮನೆಯ ಒಬ್ಬರಾದರೂ ಬಿಡಿಸಿ ನೋಡಿರುವುದು, ಎರಡನೆಯ ಸಾಲಕ್ಕೆ ಸಹಿ ಹಾಕುವ ಮುಂಚೆ ಆಗಬೇಕಾದ ಕೆಲಸ.

ಇನ್ನು ಆದಾಯ ಬರುವ ಬಗೆ. ಹಿರಿಯೂರಿನ ಕಡೆ ಶೇಂಗಾ, ಈರುಳ್ಳಿ. ಚಿತ್ರದುರ್ಗದ ಸುತ್ತ ಈರುಳ್ಳಿ, ಮೆಕ್ಕೆಜೋಳ. ಹೊಳಲ್ಕೆರೆಯಲ್ಲಿ ಅಡಿಕೆ, ಮೆಕ್ಕೆಜೋಳ. ಹೊಸದುರ್ಗದಲ್ಲಿ ತೆಂಗು, ರಾಗಿ, ಸಾಮೆ. ಇವುಗಳಲ್ಲಿ ಯಾವುದೂ ವಾರವಾರ ದುಡ್ಡು ಕೊಡುವ ಬೆಳೆಯಲ್ಲ. ಮುಂಗಾರಿನಲ್ಲಿ ಬಿತ್ತಿದ ಶೇಂಗಾ ಕಿತ್ತು ಮಾರುವ ಹೊತ್ತಿಗೆ ದೀಪಾವಳಿ ಹತ್ತಿರವಾಗಿರುತ್ತದೆ, ರಾಗಿ ಕಣ ಸೇರುವುದು ಅದಕ್ಕೂ ಆಮೇಲೆ. ಈರುಳ್ಳಿಯಂತೂ ಒಂದು ವರ್ಷ ಮನೆ ಕಟ್ಟಿಸುತ್ತದೆ, ಮರುವರ್ಷ ಹೊಲದಲ್ಲೇ ಕೊಳೆಯುತ್ತದೆ. ಬಿತ್ತನೆಯಿಂದ ಕೊಯ್ಲಿನವರೆಗಿನ ತಿಂಗಳುಗಳಲ್ಲಿ ಹಣ ಹೊರಗೆ ಹೋಗುತ್ತದೆಯೇ ಹೊರತು ಒಳಗೆ ಬರುವುದಿಲ್ಲ. ವಾರದ ಕಂತು ಮಾತ್ರ ಸಾಲ ಎತ್ತಿದ ಮುಂದಿನ ವಾರಗಳಲ್ಲೇ ಶುರುವಾಗುತ್ತದೆ, ಮಳೆ ಬಂತೋ ಇಲ್ಲವೋ ಕೇಳುವುದಿಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. ಅದರ ಹಿಂದಿನ ವರ್ಷವೇ ಹಿರಿಯೂರಿನ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಸಲ ಕೋಡಿ ಬಿದ್ದಿತ್ತು. ಇಷ್ಟು ಏರುಪೇರಿನ ಸೀಮೆಗೆ ಪ್ರತಿ ವಾರವೂ ಒಂದೇ ಮೊತ್ತ ಎಂಬ ನಿಯಮ ತಕ್ಕುದೇ ಎಂದು ಕೇಳಲೇಬೇಕು.

ಹಣ ಸಾಲದ ವಾರದಲ್ಲಿ ಮನೆಯವರು ಏನು ಮಾಡುತ್ತಾರೆ? ಕರೆಂಟಿನ ಬಿಲ್ಲಿಗೆ, ಶಾಲೆಯ ಶುಲ್ಕಕ್ಕೆ, ಕಂತಿಗೆ ಕೇಳುವವರಿದ್ದಾರೆ. ಊಟಕ್ಕೆ ಕೇಳುವವರಿಲ್ಲ, ಆದ್ದರಿಂದ ಕತ್ತರಿ ಅಲ್ಲಿಗೇ ಬೀಳುತ್ತದೆ. ಹೊಟ್ಟೆ ತುಂಬುವುದು ನಿಲ್ಲುವುದಿಲ್ಲ: ಅನ್ನಭಾಗ್ಯದ ಅಕ್ಕಿ ಇದೆ, ರಾಗಿ ಮುದ್ದೆ ಇದೆ. ಕಡಿಮೆಯಾಗುವುದು ಮುದ್ದೆಯ ಜೊತೆಗಿನದು. ಸಾರಿನಲ್ಲಿ ಬೇಳೆ ತಳ ಸೇರುತ್ತದೆ, ಸೊಪ್ಪು ತರಕಾರಿ ಸಂತೆಯ ಚೀಲದಿಂದ ಜಾರುತ್ತದೆ, ಮೊಟ್ಟೆ ಹಬ್ಬದ ಸರಕಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ದಿನಕ್ಕೆ 2,000 ಕ್ಯಾಲರಿಯ ಊಟದಲ್ಲಿ ಬೇಳೆಕಾಳು ಅಥವಾ ಮೊಟ್ಟೆ ಮಾಂಸ 85 ಗ್ರಾಂ, ತರಕಾರಿ 400 ಗ್ರಾಂ, ಹಾಲು 300 ಮಿಲಿಲೀಟರ್ ಇರಬೇಕು ಎನ್ನುತ್ತದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ಹತ್ತು ಕಿಲೋ ಬೇಳೆಕಾಳು ಎಂದಾಯಿತು. ಕಿಲೋಗೆ ನೂರು ರೂಪಾಯಿ ಹಿಡಿದರೂ ಸಾವಿರ ರೂಪಾಯಿ. ಮೇಲೆ ಹೇಳಿದ ಒಂದು ಸಾಲದ ಎರಡು ವಾರದ ಕಂತು ಇದಕ್ಕಿಂತ ಹೆಚ್ಚು.

ಹಾಲಿನ ಕಥೆ ಇನ್ನೂ ಸಂಕಟದ್ದು. ಈ ಸೀಮೆಯ ಸಂಸಾರಗಳಲ್ಲಿ ಕೂಲಿ ಬಿಟ್ಟರೆ ಪದೇಪದೇ ಕೈಗೆ ಬರುವ ಹಣವೆಂದರೆ ಡೈರಿಯ ಬಟವಾಡೆ ಒಂದೇ. ಆದ್ದರಿಂದ ಕಂತಿನ ಭಾರ ನೇರವಾಗಿ ಹಸುವಿನ ಮೇಲೆ ಬೀಳುತ್ತದೆ. ಮನೆಯ ಮಕ್ಕಳ ಪಾಲಿನ ಅರ್ಧ ಲೀಟರನ್ನೂ ಡೈರಿಯ ಕ್ಯಾನಿಗೆ ಸುರಿಯುವುದು ಆ ವಾರದ ಮಟ್ಟಿಗೆ ಸರಿಯಾದ ನಿರ್ಧಾರದಂತೆಯೇ ಕಾಣುತ್ತದೆ. ಸಾಮೆಗೂ ಇದೇ ಗತಿ. ಹೊಸದುರ್ಗದ ಹೊಲದಲ್ಲಿ ಬೆಳೆದ ಸಾಮೆ ಕೊಯ್ಲಾದ ಕೂಡಲೇ ಮಾರಾಟವಾಗಿ, ಪಟ್ಟಣದ ಅಂಗಡಿಯಲ್ಲಿ ಸಿರಿಧಾನ್ಯದ ಪೊಟ್ಟಣವಾಗಿ ಮಧುಮೇಹದ ಭಯವಿರುವವರ ಮನೆ ಸೇರುತ್ತದೆ. ಬೆಳೆದವರು ಪಡಿತರದ ಅನ್ನ ಉಣ್ಣುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8 ಮಂದಿಗೆ ರಕ್ತಹೀನತೆ ಇತ್ತು, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5ಕ್ಕೆ. ಇದಕ್ಕೆಲ್ಲ ಸಾಲವೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಅರ್ಧದಷ್ಟು ಹೆಂಗಸರಿಗೆ ಮೊದಲೇ ರಕ್ತಹೀನತೆ ಇರುವ ರಾಜ್ಯದಲ್ಲಿ, ಅದೇ ವಯಸ್ಸಿನ ಹೆಂಗಸರ ಹೆಸರಿಗೆ ಸಾಲ ಕೊಟ್ಟು, ಅವರು ತಮ್ಮ ತಟ್ಟೆಯಿಂದಲೇ ಉಳಿಸಿ ತೀರಿಸುವಂತೆ ಮಾಡುವ ಪದ್ಧತಿಗೆ ಆರೋಗ್ಯದ ಹೊಣೆ ಇಲ್ಲ ಎನ್ನಲಾಗದು.

ಕಾಯಿಲೆಯ ಲೆಕ್ಕವೂ ಹೀಗೇ. ಆಸ್ಪತ್ರೆಗೆ ಸೇರಿದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಶುಗರ್ ನೋಡಿಸಿಕೊಳ್ಳಲು ಕಾಸು ಬೇಕಿಲ್ಲ. ಆದರೆ ಅಲ್ಲಿಗೆ ಹೋದರೆ ಅರ್ಧ ದಿನದ ಕೂಲಿ ಹೋಗುತ್ತದೆ, ಅದು ಕಂತಿನ ವಾರದಲ್ಲಿ ಬಲು ದುಬಾರಿ. ಮಾತ್ರೆ ಮುಗಿದ ಮೇಲೆ ತರುವುದು ಮುಂದಿನ ವಾರಕ್ಕೆ, ಅಲ್ಲಿಂದ ಅದರ ಮುಂದಿನ ವಾರಕ್ಕೆ ಹೋಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು: ವಾರದ ಶಿಸ್ತು ಇಲ್ಲದಿದ್ದರೆ ಹಣ ಹೆಂಡಕ್ಕೂ ಜಾತ್ರೆಗೂ ಹೋಗುತ್ತದೆ, ಸಣ್ಣಸಣ್ಣದಾಗಿ ಕಟ್ಟುವುದೇ ಬಡವರಿಗೆ ಸುಲಭ. ಹೈದರಾಬಾದಿನಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಈ ಮಾತಿಗೆ ಅರ್ಧ ಬೆಂಬಲ ಕೊಡುತ್ತದೆ. ಕಿರುಸಾಲ ಸಿಕ್ಕ ಬಡಾವಣೆಗಳಲ್ಲಿ ತಂಬಾಕು, ಜೂಜು, ಹೊರಗಿನ ಚಹಾ ತಿಂಡಿಯಂಥ ಖರ್ಚು ತಗ್ಗಿತು. ಅದೇ ಅಧ್ಯಯನ, ಆರೋಗ್ಯದಲ್ಲಾಗಲಿ ಶಿಕ್ಷಣದಲ್ಲಾಗಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ ಎಂದೂ ಹೇಳಿತು. ಶಿಸ್ತು ಇತ್ತು, ಅದರ ಫಲ ಮೈಗೆ ಹತ್ತಲಿಲ್ಲ. ವಾರದ ಕಂತೇ ಬೇಕೆ ಎಂಬ ಪ್ರಶ್ನೆಗೆ ಕೋಲ್ಕತ್ತದಲ್ಲಿ ಎರಿಕಾ ಫೀಲ್ಡ್, ರೋಹಿಣಿ ಪಾಂಡೆ ಮತ್ತಿತರರು ನೇರವಾಗಿ ಉತ್ತರ ಹುಡುಕಿದರು. ಕೆಲವರಿಗೆ ವಾರದ ಕಂತು, ಕೆಲವರಿಗೆ ತಿಂಗಳ ಕಂತು ಎಂದು ಚೀಟಿ ಎತ್ತಿ ಹಂಚಿ ನೋಡಿದಾಗ ತಿಂಗಳ ಕಂತಿನವರು ಹೆಚ್ಚು ಬಾಕಿ ಉಳಿಸಿಕೊಳ್ಳಲಿಲ್ಲ. ಕಂತಿನ ಬಗ್ಗೆ ಚಿಂತೆ, ಕಳವಳ ಇದೆ ಎಂದು ಹೇಳಿದವರ ಪ್ರಮಾಣ ಅವರಲ್ಲಿ ಅರ್ಧದಷ್ಟು ಕಡಿಮೆಯಾಯಿತು. ಎರಡು ತಿಂಗಳು ಬಿಟ್ಟು ಕಂತು ಶುರು ಮಾಡಿದ ಇನ್ನೊಂದು ಪ್ರಯೋಗದಲ್ಲಿ ವ್ಯಾಪಾರಕ್ಕೆ ಹಾಕಿದ ಹಣ, ಲಾಭ ಎರಡೂ ಏರಿದವು. ಬಾಕಿಯೂ ಏರಿತು ಎಂಬುದನ್ನು ಮುಚ್ಚಿಡಬಾರದು. ಸಡಿಲಿಕೆಗೆ ಬೆಲೆ ಇದೆ. ಆ ಬೆಲೆಯನ್ನು ಸಾಲ ಕೊಟ್ಟವರು ಸ್ವಲ್ಪ ಹೊರಬೇಕೋ ಅಥವಾ ಇಡಿಯಾಗಿ ಮನೆಯ ಹೆಂಗಸರೇ ಹೊರಬೇಕೋ ಎಂಬುದೇ ಇಲ್ಲಿನ ಪ್ರಶ್ನೆ.

ಎರಡನೆಯ ಆಕ್ಷೇಪ: ಸಂಘವಿಲ್ಲದಿದ್ದರೆ ಮೀಟರ್ ಬಡ್ಡಿಯವರ ಬಾಗಿಲಿಗೆ ಹೋಗಬೇಕು. ಇದನ್ನು ನಾನು ಒಪ್ಪುತ್ತೇನೆ, ಅದಕ್ಕೇ ಈ ಪದ್ಧತಿಯನ್ನು ಕಿತ್ತುಹಾಕಬೇಕು ಎನ್ನುವವರ ಜೊತೆ ನಾನಿಲ್ಲ. 2010ರ ಅಕ್ಟೋಬರಿನಲ್ಲಿ ಆಂಧ್ರಪ್ರದೇಶ ಕಿರುಸಾಲ ಸಂಸ್ಥೆಗಳ ಮೇಲೆ ಸುಗ್ರೀವಾಜ್ಞೆ ತಂದಾಗ ಅಲ್ಲಿ ಸಾಲದ ಹರಿವೇ ನಿಂತಿತು. ಅದರ ಪೆಟ್ಟು ಹಳ್ಳಿಯ ಕೂಲಿಯ ದರಕ್ಕೂ ಮನೆಯ ಖರ್ಚಿಗೂ ತಗುಲಿತೆಂದು ಆಮೇಲಿನ ಅಧ್ಯಯನ ತೋರಿಸಿತು. ಕರ್ನಾಟಕ 2025ರ ಫೆಬ್ರುವರಿಯಲ್ಲಿ ತಂದ ಸುಗ್ರೀವಾಜ್ಞೆಯ ಗುರಿ ಕಿರುಕುಳ ತಡೆಯುವುದಾಗಿತ್ತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ಇಟ್ಟಿತು. ಮನೆ ಬಾಗಿಲಲ್ಲಿ ನಿಂತು ಮಾನ ಕಳೆಯುವುದಕ್ಕೆ ಅಂಥ ಶಿಕ್ಷೆ ಬೇಕಿತ್ತು. ಆದರೆ ಯಾರೂ ಗದರದೆ, ಎಲ್ಲರೂ ನಗುತ್ತಲೇ ಕಂತು ಕಟ್ಟಿದ ವಾರದಲ್ಲೂ ಬೇಳೆ ಕಡಿಮೆಯಾಗಿರಬಹುದು. ಅದನ್ನು ಯಾವ ಪೊಲೀಸ್ ಠಾಣೆಯೂ ದಾಖಲಿಸಲಾರದು.

ಮನೆಯವರ ಹೊಣೆ ಏನೂ ಇಲ್ಲವೆ ಎಂದು ಕೇಳುವವರಿಗೆ: ಇದೆ, ದೊಡ್ಡದೇ ಇದೆ. ಸಾಲದ ಪುಸ್ತಕ ಹೆಂಡತಿಯ ಹೆಸರಿನಲ್ಲಿ, ಹಣ ಬೋರ್‌ವೆಲ್‌ಗೋ ಬೈಕಿಗೋ ಮದುವೆಗೋ, ಕಂತಿನ ಚಿಂತೆ ಮಾತ್ರ ಅವಳೊಬ್ಬಳಿಗೆ ಎಂಬ ಏರ್ಪಾಡು ಅನ್ಯಾಯದ್ದು. ಗಂಡಸರ ಕುಡಿತ, ಬೀಡಿ, ಗುಟ್ಕಾಗಳಿಗೆ ಹೋಗುವ ಹಣ ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ಅದನ್ನು ಬರೆದು ಕಂತಿನ ಮಗ್ಗುಲಲ್ಲಿ ಇಟ್ಟರೆ ಎಷ್ಟೋ ಮನೆಗಳಲ್ಲಿ ಹಾಲಿನ ಪ್ರಶ್ನೆ ಅಲ್ಲೇ ಬಗೆಹರಿಯಬಹುದು. ಖರ್ಚಿನ ಅನುಕ್ರಮವನ್ನೂ ತಿರುಗಿಸಬೇಕು. ಕೊಯ್ಲಾದಾಗ ಮನೆಗೆ ಬೇಕಾದ ಸಾಮೆ, ರಾಗಿ, ಬೇಳೆ ತೆಗೆದಿಟ್ಟು ಮಿಕ್ಕದ್ದನ್ನು ಮಾರುವುದು ಈ ಸೀಮೆಗೆ ಹೊಸತೇನಲ್ಲ. ವಾಡೆ, ಹಗೇವುಗಳಲ್ಲಿ ಕಾಳು ತುಂಬಿಡುತ್ತಿದ್ದ ಒಕ್ಕಲುತನ ಮಾಡುತ್ತಿದ್ದುದೇ ಅದು. ಒಂದು ಸಾಲ ತೀರಿಸಲು ಇನ್ನೊಂದನ್ನು ಎತ್ತದಿರುವುದು, ಬಡ್ಡಿ ಹೆಚ್ಚಿರುವುದನ್ನು ಮೊದಲು ತೀರಿಸುವುದು, ಸುಗ್ಗಿಯ ಹಣದಲ್ಲಿ ಅವಧಿಗೆ ಮುಂಚೆ ಕಟ್ಟಿ ಮುಗಿಸುವುದು ಇವೂ ಮನೆಯವರ ಕೈಯಲ್ಲೇ ಇವೆ. ಕಿರುಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಸ್ಪಷ್ಟವಾಗಿ ಹೇಳಿದೆ.

ಬೇರೆ ಬಗೆಯ ಸಂಘವನ್ನೂ ಈ ನಾಡು ಕಂಡಿದೆ. ಹೊಳಲ್ಕೆರೆ ಸೀಮೆಯಲ್ಲೂ ಕೆಲಸ ಮಾಡಿದ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ 1980ರ ದಶಕದಲ್ಲಿ ಬೆಳೆಸಿದ ಗುಂಪುಗಳು ಮೊದಲು ತಮ್ಮದೇ ಉಳಿತಾಯ ಕೂಡಿಸಿದವು. ಕಾಳು, ಔಷಧಿ, ಶಾಲೆಯಂಥ ಸಣ್ಣ ಅಗತ್ಯಕ್ಕೂ ಅಲ್ಲಿ ಸಾಲ ಸಿಗುತ್ತಿತ್ತು, ಎಷ್ಟು ಕೊಡಬೇಕು, ಯಾವಾಗ ತೀರಿಸಬೇಕು ಎಂಬುದನ್ನು ಸದಸ್ಯೆಯರೇ ಕೂತು ತೀರ್ಮಾನಿಸುತ್ತಿದ್ದರು. ನಬಾರ್ಡ್ 1992ರಲ್ಲಿ ಇಂಥ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸಕ್ಕೆ ಕೈಹಾಕಿತು. ಅಲ್ಲಿ ಗುಂಪು ಸಾಲದ ಒಡತಿಯಾಗಿತ್ತು. ಈಗಿನ ವಾರದ ಸಂಘದಲ್ಲಿ ಅದು ಬಹುಪಾಲು ವಸೂಲಿಯ ಸಾಧನವಾಗಿದೆ. ಪ್ರಾಥಮಿಕ ಸಹಕಾರ ಸಂಘಗಳ ಬೆಳೆಸಾಲ ಇಂದಿಗೂ ಸುಗ್ಗಿಯನ್ನು ನೋಡಿಯೇ ವಾಯಿದೆ ಇಡುತ್ತದೆ. ಪಹಣಿ ಇಲ್ಲದ ಕೂಲಿಯವರಿಗೆ, ಗುತ್ತಿಗೆಗೆ ಹೊಲ ಮಾಡುವವರಿಗೆ ಆ ಬಾಗಿಲು ತೆರೆಯುವುದಿಲ್ಲ.

ರಿಸರ್ವ್ ಬ್ಯಾಂಕ್ 2022ರ ಏಪ್ರಿಲ್ 1ರಿಂದ ಜಾರಿಗೆ ತಂದ ನಿಯಮದಲ್ಲಿ ಎರಡು ಅಂಶಗಳಿವೆ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವುದು ಕಿರುಸಾಲ. ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧ ಮೀರಬಾರದು. ಇದು ಮೊದಲನೆಯದು. ತಿಂಗಳಿಗೆ 25,000 ಬರುವ ಮನೆಗೂ 10,000 ಬರುವ ಮನೆಗೂ ಒಂದೇ ಅರ್ಧ ಎನ್ನುವುದು ನನಗೆ ಒಪ್ಪಿಗೆಯಾಗುವುದಿಲ್ಲ, ಏಕೆಂದರೆ ಎರಡೂ ಮನೆಯ ಮಕ್ಕಳಿಗೆ ಬೇಕಾದ ಬೇಳೆ ಒಂದೇ. ಮೊದಲು ಊಟ, ಔಷಧಿಯ ಮೊತ್ತ ಕಳೆದು, ಉಳಿದದ್ದರಲ್ಲಿ ಅರ್ಧ ಎನ್ನಬೇಕಿತ್ತು. ಎರಡನೆಯ ಅಂಶ ಹೆಚ್ಚು ಮುಖ್ಯವಾದದ್ದು, ಕಡಿಮೆ ಪ್ರಚಾರ ಪಡೆದದ್ದು: ಸಾಲಗಾರರ ಅಗತ್ಯಕ್ಕೆ ತಕ್ಕಂತೆ ಕಂತಿನ ಅಂತರವನ್ನು ಬದಲಿಸಿಕೊಡುವ ನೀತಿ ಪ್ರತಿ ಸಂಸ್ಥೆಯ ಆಡಳಿತ ಮಂಡಳಿಯಲ್ಲೂ ಇರಲೇಬೇಕು. ಅಂದರೆ ಹಿರಿಯೂರಿನ ಶೇಂಗಾ ಬೆಳೆಗಾರರ ಮನೆಯವರು ಮುಂಗಾರಿನಲ್ಲಿ ಬಡ್ಡಿಯಷ್ಟನ್ನು, ಸುಗ್ಗಿಯಲ್ಲಿ ಅಸಲನ್ನು ಕಟ್ಟುತ್ತೇವೆ ಎಂದು ಕೇಳಲು ಹೊಸ ಕಾನೂನು ಬೇಕಾಗಿಲ್ಲ. ಜಿಲ್ಲೆಯ ಬ್ಯಾಂಕರ್‌ಗಳ ಸಭೆಯಲ್ಲಿ ವಸೂಲಾತಿಯ ಶೇಕಡಾವಾರು ಓದುವಾಗ, ಎಷ್ಟು ಮನೆಗಳಿಗೆ ಸುಗ್ಗಿಯ ಕಂತು ಕೊಟ್ಟಿರಿ ಎಂಬ ಸಂಖ್ಯೆಯನ್ನೂ ಪ್ರತಿ ಸಂಸ್ಥೆಯಿಂದ ಕೇಳಿ ಬರೆಸಿಕೊಳ್ಳಬೇಕು. ಮತ್ತು ಆ ಅವಕಾಶ ಇದೆ ಎಂಬುದನ್ನು ಸಾಲದ ಕಾರ್ಡಿನ ಮೊದಲ ಪುಟದಲ್ಲಿ, ಬಡ್ಡಿಯ ದರದ ಕೆಳಗೆ, ಕನ್ನಡದಲ್ಲಿ ಅಚ್ಚು ಹಾಕಿಸಬೇಕು.