ರಾಜಿಗೆ ಎಷ್ಟು ವಯಸ್ಸು?

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ತಂಡ 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಿಯಂಟ್ ಎಪಿಕ್’ ವಿಡಿಯೋ ಗೇಮ್‌ನ ನಾಯಕಿ ರಾಜಿ ಒಬ್ಬ ಸರ್ಕಸ್ ಹುಡುಗಿ. ಅಸುರರು ಅವಳ ತಮ್ಮ ಗೋಲುವನ್ನು ಹೊತ್ತೊಯ್ಯುತ್ತಾರೆ. ದುರ್ಗೆ ಕೊಟ್ಟ ತ್ರಿಶೂಲ ಹಿಡಿದು ಅಕ್ಕ ಹುಡುಕಿ ಹೊರಡುತ್ತಾಳೆ. ನಮ್ಮ ಪುರಾಣವನ್ನು ನಮ್ಮವರೇ ಇಷ್ಟು ಚೆಂದವಾಗಿ ಪರದೆಗೆ ತಂದದ್ದು ದೊಡ್ಡ ಸಂಗತಿ. ಆದರೆ ಹಟ್ಟಿಯಂಗಡಿ ಮೇಳದ ಯಕ್ಷಗಾನ ಬಯಲಾಟ ನೋಡಿ ಪಳಗಿದ ಕಣ್ಣು ಬೇರೊಂದನ್ನು ಹುಡುಕುತ್ತದೆ. ಈ ಹುಡುಗಿ ಯಾವ ವಯಸ್ಸಿನವಳು, ಯಾವ ವಯಸ್ಸಿನವರಿಗಾಗಿ ಹುಟ್ಟಿದವಳು?

ಪಾತ್ರದ ವಯಸ್ಸನ್ನು ಕಾಣಿಸುವ ವಿದ್ಯೆ ಕುಂದಾಪುರ ಸೀಮೆಗೆ ಹೊಸದಲ್ಲ. ಹಟ್ಟಿಯಂಗಡಿಯ ಸಿದ್ಧಿವಿನಾಯಕನೇ ಜಟೆ ಇಳಿಬಿಟ್ಟ ಬಾಲಗಣಪತಿ. ಯಕ್ಷಗಾನದ ಬಡಗುತಿಟ್ಟಿನಲ್ಲಿ ಅಭಿಮನ್ಯು, ಬಭ್ರುವಾಹನರಂಥ ತರುಣರಿಗೆ ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟುತ್ತಾರೆ. ದೊಡ್ಡ ರಾಜವೇಷದ ಭಾರ ಅವರ ತಲೆಯ ಮೇಲಿಲ್ಲ. ಭಾರ ಇಳಿದಾಗ ಹೆಜ್ಜೆ ಚುರುಕಾಗುತ್ತದೆ, ಮಂಡಿ ಹಾಕಿ ಸುತ್ತಲು ಬರುತ್ತದೆ. ಹೀಗೆ ವಯಸ್ಸು ಕಾಣುವುದು ಮುಖದ ಬಣ್ಣಕ್ಕಿಂತ ಹೆಚ್ಚಾಗಿ ಮೈಯ ಚಲನೆಯಲ್ಲಿ.

ಈ ಪರೀಕ್ಷೆಯಲ್ಲಿ ರಾಜಿ ಗೆಲ್ಲುತ್ತಾಳೆ. ಗೋಡೆಯ ಮೇಲೆ ಓಡುವುದು, ಕಂಬ ಹಿಡಿದು ಗಿರ್ರನೆ ತಿರುಗಿ ಹೊಡೆಯುವುದು, ಅಂಚಿನಿಂದ ಅಂಚಿಗೆ ಹಾರುವುದು, ಎಲ್ಲವೂ ಸರ್ಕಸ್ಸಿನ ಹಗ್ಗದ ಮೇಲೆ ಬೆಳೆದವಳಿಗೆ ಸಹಜ. ದೇವಿ ಆಯುಧ ಕೊಟ್ಟಿರಬಹುದು, ಮೈ ಮಾತ್ರ ಅವಳದೇ. ಶಕ್ತಿಗೆ ಇಂಥದೊಂದು ಕಾರಣ ಕೊಡುವ ಗೇಮ್‌ಗಳು ಅಪರೂಪ. ಆಡುವ ಹುಡುಗಿಗೆ ಇದು ನಿಜಕ್ಕೂ ದೊಡ್ಡ ಕೊಡುಗೆ.

ಸೋಲುವುದು ಮಾತಿನಲ್ಲಿ. ಕತೆಯನ್ನು ಬಹುಪಾಲು ನಡೆಸುವುದು ದುರ್ಗೆ ಮತ್ತು ವಿಷ್ಣುವಿನ ಸಂಭಾಷಣೆ. ಅವರು ಮೇಲಿನಿಂದ ನೋಡುತ್ತ ಅವಳ ಬಗ್ಗೆ ಮಾತಾಡಿಕೊಳ್ಳುತ್ತಾರೆ; ಅವಳದು ಅಲ್ಲಲ್ಲಿ ನಾಲ್ಕು ನುಡಿ. ಕ್ಯಾಮೆರಾವೂ ದೂರ ನಿಂತು ಅವಳನ್ನು ಪುಟ್ಟ ಆಕೃತಿಯಾಗಿಯೇ ತೋರಿಸುತ್ತದೆ. ದೊಡ್ಡವರ ಮಾತಿನ ಕೆಳಗೆ ಮಗು ಸುಮ್ಮನೆ ಓಡುತ್ತಿರುತ್ತದೆ.

‘ಅಭಿಮನ್ಯು ಕಾಳಗ’ ಪ್ರಸಂಗದಲ್ಲಿ ಹೀಗಿಲ್ಲ. ಯುದ್ಧಕ್ಕೆ ಮುಂಚೆ ಹದಿನಾರರ ಹುಡುಗ ತಾಯಿ ಸುಭದ್ರೆಯ ಅಪ್ಪಣೆ ಕೇಳಬೇಕು. ಅವಳು ಬೇಡವೆನ್ನುತ್ತಾಳೆ, ಇವನು ವಾದಿಸುತ್ತಾನೆ, ಮುನಿಯುತ್ತಾನೆ, ರಮಿಸುತ್ತಾನೆ. ಚಕ್ರವ್ಯೂಹಕ್ಕಿಂತ ಈ ಮನೆಯೊಳಗಿನ ಜಗಳದಲ್ಲೇ ಅವನ ವಯಸ್ಸು ನಮಗೆ ತಟ್ಟುವುದು. ಬಭ್ರುವಾಹನನೂ ಹಾಗೆಯೇ: ಮಗನೆಂದು ಒಪ್ಪದ ಅರ್ಜುನನ ಎದುರು ಅವನ ಗೌರವ ಒಮ್ಮೆಲೆ ರೋಷವಾಗುವ ಗಳಿಗೆಯನ್ನು ಎಳೆಯ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಿಲ್ಲ. ಬೇಡ ಎನ್ನಿಸಿಕೊಂಡ ನೋವು ಅವರಿಗೆ ಗೊತ್ತು.

1970ರ ದಶಕದಲ್ಲಿ ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ಕಟ್ಟಿದ ಸಾಲಿಗ್ರಾಮ ಮಕ್ಕಳ ಮೇಳವನ್ನು ನಾನು ಗೌರವಿಸುವುದು ಇದೇ ಕಾರಣಕ್ಕೆ. ಅಲ್ಲಿ ಮಕ್ಕಳು ಬಣ್ಣ ಹಚ್ಚಿ ಕುಣಿಯುವುದಷ್ಟೇ ಅಲ್ಲ, ಅರ್ಥವನ್ನೂ, ಅಂದರೆ ಪಾತ್ರದ ಮಾತನ್ನೂ, ಹೇಳುತ್ತಾರೆ. ಎಂಟು, ಹತ್ತು ವರ್ಷದವರ ಬಾಯಲ್ಲಿ ಮಾತು ನಿಲ್ಲುವಂತೆ ಪಾತ್ರವನ್ನು ರೂಪಿಸುವುದು ಕಿರೀಟವನ್ನು ಸಣ್ಣದು ಮಾಡಿದಷ್ಟು ಸುಲಭವಲ್ಲ. ಮಕ್ಕಳ ಗೇಮ್ ಮಾಡುವವರು ಕಣ್ಣು ದೊಡ್ಡದಾಗಿ, ತಲೆ ಗುಂಡಗೆ ಬರೆದು ಕೆಲಸ ಮುಗಿಯಿತೆಂದುಕೊಳ್ಳುವ ಮೊದಲು ಸಾಲಿಗ್ರಾಮಕ್ಕೆ ಒಮ್ಮೆ ಬರಬೇಕು.

ಗೇಮ್‌ಗೆ ಅರ್ಥಗಾರಿಕೆಯ ವ್ಯವಧಾನ ಇಲ್ಲವೆಂದು ಯಾರಾದರೂ ಹೇಳಬಹುದು. ಒಪ್ಪಲಾರೆ. ‘ರಾಜಿ’ಯಲ್ಲೇ ತೊಗಲುಗೊಂಬೆಯ ಶೈಲಿಯ ದೃಶ್ಯಗಳಿವೆ, ಅಲ್ಲಿ ಕಾದಾಟ ನಿಂತು ಕತೆ ಉಸಿರಾಡುತ್ತದೆ. ಅಂಥ ಒಂದೆರಡು ನಿಮಿಷ ಅಕ್ಕ ತಮ್ಮನ ಹಳೆಯ ಜಗಳಕ್ಕೆ, ಅವಳ ಹೆದರಿಕೆಗೆ, ದೇವಿಗೇ ಹಾಕಬಹುದಾದ ಒಂದು ಎದುರುಪ್ರಶ್ನೆಗೆ ಸಿಕ್ಕಿದ್ದರೆ ಸಾಕಿತ್ತು. ಇದಿಲ್ಲದ್ದಕ್ಕೇ ಕೊನೆ ಇನ್ನಷ್ಟು ನೋಯಿಸುತ್ತದೆ: ಕತೆ ಥಟ್ಟನೆ, ಇನ್ನೂ ಏನೋ ಉಳಿದಿದೆ ಎನ್ನುವಲ್ಲೇ ನಿಲ್ಲುತ್ತದೆ. ದೊಡ್ಡವರು ಮುಂದಿನ ಭಾಗಕ್ಕೆ ಕಾಯುತ್ತಾರೆ. ಹತ್ತು ವರ್ಷದ ಆಟಗಾರ್ತಿಗೆ ಬೇಕಾದದ್ದು ತಮ್ಮ ಮನೆಗೆ ಬಂದನೇ ಎಂಬ ಉತ್ತರ, ಅದೂ ರಾಜಿಯ ಬಾಯಿಂದಲೇ.