ಗೆದ್ದವರ ಕಡೆಗೊಂದು ಬಾಣ

ವರ್ಷಕ್ಕೊಮ್ಮೆ ಇಪ್ಪತ್ತನಾಲ್ಕು ಮಕ್ಕಳನ್ನು ಅಖಾಡಕ್ಕಿಳಿಸಿ, ಒಬ್ಬರೇ ಉಳಿಯುವ ತನಕ ಕೊಲ್ಲಿಸಿ, ಅದನ್ನು ಟೀವಿಯಲ್ಲಿ ತೋರಿಸುವ ರಾಜ್ಯವೊಂದರ ಕಥೆ ಸುಝಾನ್ ಕಾಲಿನ್ಸ್ ಅವರ ‘ಹಂಗರ್ ಗೇಮ್ಸ್’. 2008ರಲ್ಲಿ ಆರಂಭವಾದ ಈ ಕಥೆ 2010ರ ‘ಮಾಕಿಂಗ್‌ಜೇ’ಯಲ್ಲಿ ಮುಗಿಯಿತು. ಮೊದಲೆರಡು ಭಾಗಗಳನ್ನು ಮೆಚ್ಚಿದ ಎಷ್ಟೋ ಓದುಗರಿಗೆ ಈ ಮೂರನೆಯದು ರುಚಿಸಲಿಲ್ಲ. ಅವರ ದೂರುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ಆದರೂ ಮೂರರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಇದೇ.

ದೂರುಗಳು ಸಣ್ಣವಲ್ಲ. ಕಥೆ ಹೇಳುವವಳು ಕ್ಯಾಟ್‌ನಿಸ್. ಅವಳೋ ಮುಖ್ಯ ಘಟನೆಗಳು ನಡೆಯುವಾಗ ಮದ್ದಿನ ಮಂಪರಿನಲ್ಲಿರುತ್ತಾಳೆ, ಇಲ್ಲವೇ ಯಾವುದೋ ಮೂಲೆಯಲ್ಲಿ ಅಡಗಿರುತ್ತಾಳೆ. ಅವಳ ವಿಚಾರಣೆ ಕೂಡ ಅವಳಿಲ್ಲದೆಯೇ ಮುಗಿದುಹೋಗುತ್ತದೆ. ಫಿನಿಕ್‌ನನ್ನು ಅಷ್ಟು ಅಕ್ಕರೆಯಿಂದ ಬೆಳೆಸಿ, ಮದುವೆಯನ್ನೂ ಮಾಡಿಸಿ, ಕೆಲವೇ ಸಾಲುಗಳಲ್ಲಿ ಕೊಂದುಹಾಕುತ್ತಾರೆ. ನಿಜವಾಗಿಯೂ ಸತ್ತನೇ ಎಂದು ಪುಟ ಹಿಂದೆ ತಿರುಗಿಸಿ ನೋಡಿದೆ. ಯುದ್ಧದಲ್ಲಿ ಸಾವು ಬರುವುದೇ ಹಾಗೆ ಎಂದು ಸಮರ್ಥಿಸುವವರಿದ್ದಾರೆ. ಇರಬಹುದು, ನನಗದು ಬರೀ ಅವಸರವಾಗಿ ಕಂಡಿತು.

ಆದರೆ ಆ ಕೊನೆಯ ಭಾಗ! (ಓದಬೇಕೆಂದಿರುವವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು.) ಸರ್ವಾಧಿಕಾರಿ ಸ್ನೋ ತನ್ನ ಮಹಲಿನ ಮುಂದೆ ಗುರಾಣಿಯಂತೆ ಮಕ್ಕಳನ್ನು ನಿಲ್ಲಿಸಿದ್ದಾನೆ. ಅವರ ಮೇಲೆ ಬೆಳ್ಳಿಯ ಪುಟ್ಟ ಪ್ಯಾರಾಶೂಟುಗಳು ಇಳಿಯುತ್ತವೆ. ಆಟಗಳಲ್ಲಿ ಅನ್ನ, ಔಷಧಿ ಹೊತ್ತು ತರುತ್ತಿದ್ದಂಥವೇ. ಮಕ್ಕಳು ಕೈಚಾಚುತ್ತಾರೆ, ಅವು ಸಿಡಿಯುತ್ತವೆ. ಆರೈಕೆಗೆಂದು ಬಂಡಾಯದವರ ವೈದ್ಯಕೀಯ ತಂಡ ಓಡಿಬಂದ ಮೇಲೆ ಮಿಕ್ಕವು ಸಿಡಿಯುತ್ತವೆ. ಆ ತಂಡದಲ್ಲಿ ಕ್ಯಾಟ್‌ನಿಸ್‌ಳ ತಂಗಿ ಪ್ರಿಮ್ ಇದ್ದಾಳೆ. ಮೊದಲ ಪುಸ್ತಕದಲ್ಲಿ ಅಕ್ಕ ಅಖಾಡಕ್ಕೆ ಹೋದದ್ದೇ ಇವಳ ಬದಲಿಗೆ. ಕಾಪಾಡಲು ಬಂದವರನ್ನು ಎರಡನೆಯ ಸುತ್ತಿನಲ್ಲಿ ಕೊಲ್ಲುವ ಆ ಉಪಾಯವನ್ನು ಹಿಂದೆ ಹೆಣೆದವರಲ್ಲಿ ಅವಳ ಬೇಟೆಯ ಜೊತೆಗಾರ ಗೇಲ್ ಕೂಡ ಒಬ್ಬ. ಬಾಂಬು ಬಂಡಾಯದವರದೇ ಎಂಬ ಅನುಮಾನ ಕೊನೆಗೂ ಹರಿಯುವುದಿಲ್ಲ. ಗೆದ್ದ ಮೇಲೆ ಬಂಡಾಯದ ನಾಯಕಿ ಕಾಯಿನ್ ಮುಂದಿಡುವ ಸಲಹೆಯೇನು? ಸೋತವರ ಮಕ್ಕಳನ್ನಿಟ್ಟು ಇನ್ನೊಂದು ಆಟ. ಕ್ಯಾಟ್‌ನಿಸ್ ಅದಕ್ಕೆ ಹೂಂ ಅನ್ನುತ್ತಾಳೆ. ಸೇಡೋ, ತಂತ್ರವೋ, ಲೇಖಕಿ ಬಿಡಿಸಿ ಹೇಳುವುದಿಲ್ಲ. ಆಮೇಲೆ ಸ್ನೋಗೆಂದು ಹೂಡಿದ ಬಾಣವನ್ನು ಕಾಯಿನ್ ಮೇಲೆ ಬಿಡುತ್ತಾಳೆ.

ಹದಿಹರೆಯದವರಿಗೆಂದು ಬರೆಯುವಾಗ ‘ನಮ್ಮವರು’ ಗೆದ್ದಲ್ಲಿಗೆ ನಿಲ್ಲಿಸುವುದು ಸುಲಭ. ವಿಯೆಟ್ನಾಂ ಯುದ್ಧಕ್ಕೆ ಹೋಗಿಬಂದ ವಾಯುಪಡೆಯ ಅಧಿಕಾರಿಯ ಮಗಳಾದ ಕಾಲಿನ್ಸ್ ಹಾಗೆ ಮಾಡಲಿಲ್ಲ.

ವರ್ಷಗಳನ್ನು ಹಾರಿ ಮಕ್ಕಳನ್ನು ತೋರಿಸುವ ಉಪಸಂಹಾರ ನನಗೆ ಬೇಕಿರಲಿಲ್ಲ. ಅದಕ್ಕೂ ಮುಂಚೆಯೇ ಪ್ರಿಮ್‌ಳ ಬೆಕ್ಕು ಅಷ್ಟು ದೂರದಿಂದ ಒಂಟಿಯಾಗಿ ಊರಿಗೆ ಬಂದಿರುತ್ತದೆ. ಅವಳಿಲ್ಲ, ಸತ್ತಳು ಎಂದು ಕ್ಯಾಟ್‌ನಿಸ್ ಅದರ ಮೇಲೆ ಕೈಗೆ ಸಿಕ್ಕಿದ್ದನ್ನು ಎಸೆದು ಕಿರುಚುತ್ತಾಳೆ. ಅದೂ ಊಳಿಡುತ್ತದೆ. ಅಲ್ಲಿಯವರೆಗೆ ಅಳದ ಹುಡುಗಿ ಆಗ ಅಳುತ್ತಾಳೆ.