ಸ್ತನಾರ್ಬುದಚಿಕಿತ್ಸೋತ್ತರ ಚರ್ಯೆಯ ಪರಿಭಾಷೆ

ಸ್ತನಾರ್ಬುದದ, ಎಂದರೆ ಸ್ತನದ ಕ್ಯಾನ್ಸರಿನ, ಚಿಕಿತ್ಸೆಯನ್ನು ಪೂರೈಸಿದ ಸ್ತ್ರೀಯರಿಗೆ ಉಪದೇಶರೂಪವಾಗಿ ಬರೆಯಲ್ಪಡುವ ಕನ್ನಡ ಲೇಖನಗಳಲ್ಲಿ ಎರಡು ಮಾತುಗಳು ಪದೇ ಪದೇ ಕಾಣಬರುವುವು: ‘ಜಡ ಜೀವನಶೈಲಿ’ಯನ್ನು ಬಿಡಬೇಕು, ‘ವ್ಯಾಯಾಮ’ವನ್ನು ಮಾಡಬೇಕು. ಉಪದೇಶದ ತತ್ತ್ವದಲ್ಲಿ ದೋಷವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯು ಇಂತಹವರನ್ನೂ ಒಳಗೊಂಡು, ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಪ್ರಮಾಣದ ದೇಹಚಲನೆಯನ್ನು ಹೇಳಿ, ಕುಳಿತಿರುವ ಕಾಲವನ್ನು ಕಡಿಮೆ ಮಾಡಬೇಕೆನ್ನುವುದು. ಇಲ್ಲಿ ಪರಿಶೀಲಿಸತಕ್ಕುದು ತತ್ತ್ವವನ್ನಲ್ಲ, ಅದನ್ನು ಹೊತ್ತ ಶಬ್ದಗಳನ್ನು.

ಮೊದಲು ‘ಜಡ’ವೆಂಬುದನ್ನು ನೋಡಬೇಕು. ಸಂಸ್ಕೃತದಲ್ಲಿ ಇದಕ್ಕೆ ಅಚೇತನ, ಮಂದಬುದ್ಧಿ ಎಂಬ ಅರ್ಥಗಳುಂಟು. ಕನ್ನಡದಲ್ಲಿ ‘ಜಾಡ್ಯ’ವು ರೋಗವಾಚಕವಾಗಿ ರೂಢವಾಗಿರುವುದು, ಕೊಪ್ಪಳ, ಕುಷ್ಟಗಿ, ಯಲಬುರ್ಗಿಗಳ ಆಡುಮಾತಿನಲ್ಲಿ ‘ಜಡ್ಡು’ ಎಂದರೆ ಕಾಯಿಲೆಯೇ. ಹೀಗಿರಲು, ಔಷಧಗಳ ತೀಕ್ಷ್ಣತೆಯಿಂದ ಬಳಲಿ ಕುಳಿತವಳನ್ನು ಕುರಿತು ‘ಜಡ ಜೀವನ’ವೆಂದರೆ, ಅದು ರೋಗವನ್ನು ಹೇಳಿತೋ ಸೋಮಾರಿತನವನ್ನು ನಿಂದಿಸಿತೋ ತಿಳಿಯದು. ವೈದ್ಯರ ವಿವಕ್ಷೆಯಾದರೋ ಎಚ್ಚರವಾಗಿರುವ ಹೊತ್ತಿನಲ್ಲಿ ಬಹುಕಾಲ ಕುಳಿತೋ ಒರಗಿಯೋ ಇರುವಿಕೆ ಮಾತ್ರ. ಬೆಳಿಗ್ಗೆ ಅರ್ಧ ಗಂಟೆ ನಡೆದವಳೂ ಉಳಿದ ಹಗಲನ್ನೆಲ್ಲ ಕುಳಿತು ಕಳೆಯಬಹುದು. ಇದು ಅವಸ್ಥೆಯೇ ಹೊರತು ಗುಣವಲ್ಲ. ಚರಕಸಂಹಿತೆಯು ಪ್ರಮೇಹದ ಕಾರಣಗಳಲ್ಲಿ ‘ಆಸ್ಯಾಸುಖ’ವನ್ನು ಎಣಿಸುವಾಗ ಕುಳಿತಿರುವ ಕ್ರಿಯೆಯನ್ನು ಹೆಸರಿಸಿತಲ್ಲದೆ ಕುಳಿತವರನ್ನು ಜಡರೆನ್ನಲಿಲ್ಲ.

ಇನ್ನು ‘ವ್ಯಾಯಾಮ’. ಈ ಶಬ್ದವನ್ನು ಕೇಳಿದ ಹಳ್ಳಿಯವರಿಗೆ ಗರಡಿಮನೆಯೇ ಕಣ್ಣಮುಂದೆ ಬರುವುದು. ಗಂಗಾವತಿಯ ಕಾಲುವೆಯ ಬಯಲಿನಲ್ಲಿ ಬಾಗಿ ಭತ್ತದ ಸಸಿ ನೆಟ್ಟವಳಿಗೆ ವ್ಯಾಯಾಮವೇಕೆಂಬ ಆಕ್ಷೇಪವೂ ಹುಟ್ಟುವುದು. ಆಕ್ಷೇಪಕ್ಕೆ ಸಮಾಧಾನವಿದು: ಕೂಲಿಯ ದುಡಿಮೆಯಲ್ಲಿ ಮಿತಿಯು ದುಡಿಯುವವಳ ಕೈಯಲ್ಲಿಲ್ಲ. ಚಿಕಿತ್ಸೆಯಾದ ಬಳಿಕ ಅವಳು ಮನೆಯವರ ಭಯದಿಂದ ಮೂಲೆ ಹಿಡಿಯುವಳು, ಇಲ್ಲವೆ ಬಡತನದಿಂದ ಮೊದಲಿನಷ್ಟೇ ದುಡಿಯುವಳು. ಇವೆರಡರ ನಡುವಣ ದಾರಿಯನ್ನೇ ಪ್ರಾಚೀನರು ವ್ಯಾಯಾಮವೆಂದರು. ಮಾತ್ರೆಯರಿತು ಮಾಡಬೇಕೆಂದು ಚರಕನೂ, ತನ್ನ ಬಲದ ಅರ್ಧದಷ್ಟೇ ಮಾಡಬೇಕೆಂದು ಸುಶ್ರುತನೂ ವಿಧಿಸಿರುವರು. ಆದರೆ ಈ ವಿಧಿಗಳನ್ನು ಸ್ತನಾರ್ಬುದದ ಚಿಕಿತ್ಸೆಯಾದವರಿಗಾಗಿಯೇ ಹೇಳಿದುವೆಂದು ಸಾಧಿಸಹೊರಡುವುದು ಶಾಸ್ತ್ರಕ್ಕೆ ಅಪಚಾರ. ಆ ವಿಷಯದಲ್ಲಿ ಪ್ರಮಾಣವು ಇಂದಿನ ಪರೀಕ್ಷೆಗಳೇ. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ತೋಳು ಬಾಯುವುದೆಂದು, ಭಾರವನ್ನೆತ್ತಲೇಬಾರದೆಂಬ ನಿಷೇಧವು ಬಹುಕಾಲ ನಡೆದುಬಂದಿತ್ತು. 2009ರಲ್ಲಿ ಅಮೇರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ತೋಳು ಬಾತಿದ್ದ 141 ಮಂದಿಯಲ್ಲಿ ಒಂದು ಪಂಗಡವು ಶಿಕ್ಷಕರ ಕಣ್ಗಾವಲಿನಲ್ಲಿ ಭಾರವನ್ನು ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಎತ್ತಿತು. ಅವರಲ್ಲಿ ಬಾವು ಹೆಚ್ಚಲಿಲ್ಲ, ಅದರ ಉಲ್ಬಣವೂ ಕಡಿಮೆಯಾಯಿತು, ಬಲವು ವೃದ್ಧಿಯಾಯಿತು. ನಿಷೇಧವು ಹೋಗಿ ಕ್ರಮವು ನಿಂತಿತು.

ಮೂರನೆಯದು, ಈ ಸ್ತ್ರೀಯರಿಗಿಟ್ಟ ಹೆಸರು. ‘ಬದುಕುಳಿದವರು’ ಎಂಬುದು ಅಕರ್ಮಕಧಾತುವಿನ ರೂಪ. ಉಳಿದುದರಲ್ಲಿ ಕರ್ತೃವಿನ ಯತ್ನವೇನೂ ತೋರದು. ಬಿ.ವಿ. ಭಾರತಿಯವರು ತಮ್ಮ ಸ್ತನಾರ್ಬುದದ ಅನುಭವವನ್ನು ಬರೆದ ಗ್ರಂಥಕ್ಕೆ ‘ಸಾಸಿವೆ ತಂದವಳು’ ಎಂದು ಹೆಸರಿಟ್ಟಿರುವರು. ಸಾವಿಲ್ಲದ ಮನೆಯ ಸಾಸಿವೆಯನ್ನರಸಿ ಬಾಗಿಲಿಂದ ಬಾಗಿಲಿಗೆ ನಡೆದ ಕಿಸಾಗೋತಮಿಗೆ ಅದು ದೊರೆಯಲಿಲ್ಲ. ಇಲ್ಲಿಯಾದರೋ ‘ತಂದವಳು’ ಎಂದಿದೆ. ಧಾತುವು ಸಕರ್ಮಕವಾಯಿತು, ರೋಗಿಯು ಕರ್ತೃವಾದಳು. ಪರಿಭಾಷೆಯನ್ನು ರಚಿಸುವವರು ಈ ವ್ಯಾಕರಣವನ್ನು ಗಮನಿಸತಕ್ಕುದು.

ಹಾಗಾದರೆ ತಕ್ಕ ಶಬ್ದವಾವುದು? ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಗುರುತಿಸುವಲ್ಲಿ ಕೊಪಣವನ್ನು ಹೆಸರಿಸಿರುವುದಷ್ಟೆ. ಅದೇ ಇಂದಿನ ಕೊಪ್ಪಳವೆಂದು ವಿದ್ವಾಂಸರ ಮತ. ಆ ಸೀಮೆಯ ಜನರಿಗೆ ‘ಕುಂತಲ್ಲೇ ಕುಂತಿರುವುದು’, ‘ಅಡ್ಡಾಡುವುದು’ ಎಂಬ ಮಾತುಗಳು ಬಾಯಲ್ಲೇ ಇವೆ. ಮೊದಲನೆಯದರಲ್ಲಿ ನಿಂದೆಯಿಲ್ಲ, ಎರಡನೆಯದರಲ್ಲಿ ಗರಡಿಯಿಲ್ಲ. ಅಂಗಳದಿಂದ ಹೊಲದ ಬದುವಿನವರೆಗೆ ತನ್ನ ಬಲಕ್ಕೆ ತಕ್ಕಷ್ಟು ನಡೆಯುವ ಸ್ವಾತಂತ್ರ್ಯವೆಲ್ಲ ಅದರಲ್ಲಡಗಿದೆ. ರೋಗಿಯ ಕಿವಿಗೆ ಮುಟ್ಟದ ಹಿತವಚನವು ಹಿತವೆನಿಸದು. ಆರೋಗ್ಯಸಾಹಿತ್ಯವನ್ನು ಕನ್ನಡಿಸುವವರು ಕೋಶವನ್ನು ತೆರೆಯುವ ಮುನ್ನ ಕೊಪಣದ ನಾಲಗೆಗೆ ಕಿವಿಗೊಡುವುದು ಯುಕ್ತ.